ಪಿತ್ತಾಮ್ಲದ ಡಬ್ಬಿ ಕೊಳ್ಳುವ ಮುನ್ನ ಸ್ಕ್ಯಾನ್ ವರದಿ ಓದಿ

ಮಾನ್ಯ ಸಂಪಾದಕರೇ,

ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ಸಂಜೆಯೇ ಮನೆಮಂದಿ ಮೊಬೈಲ್ ಹಿಡಿದು ಕೂರುತ್ತಾರೆ. ಆಪರೇಷನ್ ಇಲ್ಲದೆ ಕಲ್ಲು ಕರಗಿಸುವ ದಾರಿ ಹುಡುಕಿದವರ ಕಣ್ಣಿಗೆ ಈಗ ಬೀಳುವುದು ‘ಆಕ್ಸ್ ಬೈಲ್’ (ಒಣಗಿಸಿದ ದನದ ಪಿತ್ತರಸ), ‘ಬೈಲ್ ಸಾಲ್ಟ್ಸ್’ (ಪಿತ್ತಾಮ್ಲದ ಲವಣಗಳು), ‘ಟಡ್ಕಾ’ (ಟಿಯುಡಿಸಿಎ ಎಂಬ ಪಿತ್ತಾಮ್ಲ) ಎಂಬ ಡಬ್ಬಿಗಳು. ಪಿತ್ತಾಮ್ಲ ಎಂದರೆ ಪಿತ್ತರಸದಲ್ಲಿದ್ದು ಊಟದ ಜಿಡ್ಡನ್ನು ಒಡೆಯುವ ಅಂಶ. ಔಷಧದ ಅಂಗಡಿಯಲ್ಲಿ ಸಿಗುವ ಯುಡಿಸಿಎ, ಅಂದರೆ ಉರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯೂ ಇವುಗಳ ಸಾಲಿಗೇ ಸೇರಿಬಿಡುತ್ತದೆ. ಎಲ್ಲವೂ ಪಿತ್ತಾಮ್ಲ ತಾನೇ, ಯಾವುದಾದರೇನು ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಯುಡಿಸಿಎ ಕೆಲವರ ಕಲ್ಲನ್ನು ನಿಜಕ್ಕೂ ಕರಗಿಸುತ್ತದೆ. ಆಕ್ಸ್ ಬೈಲ್ ಕರಗಿಸುವುದಿಲ್ಲ, ಮೇಲಿಂದ ಭೇದಿ ಹಿಡಿಸಬಹುದು. ಟಡ್ಕಾ ಕಲ್ಲಿನ ವಿಷಯದಲ್ಲಿ ಮಾಡುವ ಭರವಸೆಗೆ ತಕ್ಕ ಪುರಾವೆ ಇಲ್ಲ. ಯಾರಿಗೆ ಯಾವುದು ಎಂಬುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ, ಬಹುಮಟ್ಟಿಗೆ ರೋಗಿಯ ಕೈಯಲ್ಲಿರುವ ಸ್ಕ್ಯಾನ್ ವರದಿಯಲ್ಲೇ ಬರೆದಿರುತ್ತದೆ. ಅದನ್ನು ಓದುವುದು ಹೇಗೆ ಎಂದು ಹೇಳುವುದಕ್ಕೇ ಈ ಪತ್ರ.

ಮೊದಲು ದೇಹದೊಳಗಿನ ಲೆಕ್ಕ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತದೆ. ಪಿತ್ತಕೋಶದಲ್ಲಿ ಹಿಡಿಯುವುದು 30ರಿಂದ 50 ಮಿ.ಲೀ. ಅಷ್ಟೇ. ಅದು ರಸದಲ್ಲಿನ ನೀರನ್ನು ಹೀರಿ, ಗಟ್ಟಿ ಮಾಡಿ ಇಟ್ಟುಕೊಂಡಿರುತ್ತದೆ. ಊಟದ ಜಿಡ್ಡು ಸಣ್ಣ ಕರುಳಿಗೆ ಇಳಿದ ಕೂಡಲೇ ಕೊಲೆಸಿಸ್ಟೋಕೈನಿನ್ ಎಂಬ ಹಾರ್ಮೋನು ಹೊರಟು ಪಿತ್ತಕೋಶವನ್ನು ಹಿಂಡಿಸುತ್ತದೆ, ನಾಳದ ತುದಿಯ ಬಾಗಿಲು ತೆರೆಯುತ್ತದೆ. ರಸದೊಂದಿಗೆ ಬಂದ ಪಿತ್ತಾಮ್ಲ ಜಿಡ್ಡನ್ನು ಒಡೆದು, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಶೇ 95ರಷ್ಟು ಮತ್ತೆ ರಕ್ತಕ್ಕೆ ಸೇರಿ ಲಿವರ್‌ಗೆ ವಾಪಸಾಗುತ್ತದೆ. ದೇಹದಲ್ಲಿರುವ ಒಟ್ಟು ಪಿತ್ತಾಮ್ಲ ಎರಡರಿಂದ ನಾಲ್ಕು ಗ್ರಾಂ. ಅದೇ ಮಾಲು ದಿನಕ್ಕೆ ಹಲವು ಸುತ್ತು ತಿರುಗುತ್ತದೆ. ಮಲದಲ್ಲಿ ನಷ್ಟವಾಗುವ ಸುಮಾರು ಅರ್ಧ ಗ್ರಾಂನಷ್ಟನ್ನು ಲಿವರ್ ದಿನಾ ಹೊಸದಾಗಿ ತಯಾರಿಸಿ ತುಂಬುತ್ತದೆ. ಹೊರಗಿನಿಂದ ಪಿತ್ತಾಮ್ಲ ಬಂದರೆ ಲಿವರ್ ತನ್ನ ತಯಾರಿಕೆಯನ್ನು ಅಷ್ಟು ಇಳಿಸುತ್ತದೆ. ಅಂದಮೇಲೆ ಲಿವರ್, ಕರುಳು ಎರಡೂ ಸರಿಯಿದ್ದವರಿಗೆ ‘ಪಿತ್ತದ ಕೊರತೆ ನೀಗಿಸುವ’ ಡಬ್ಬಿ ನೀಗಿಸುವ ಕೊರತೆಯೇ ಇರುವುದಿಲ್ಲ.

ಕಲ್ಲು ಹುಟ್ಟುವುದು ಕೊರತೆಯಿಂದಲ್ಲ, ಪ್ರಮಾಣ ತಪ್ಪುವುದರಿಂದ. ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಾಗಿ, ಅದನ್ನು ಕರಗಿಸಿ ಹಿಡಿದಿಡಬೇಕಾದ ಪಿತ್ತಾಮ್ಲ ಮತ್ತು ಲೆಸಿಥಿನ್ ಎಂಬ ಕೊಬ್ಬಿನಂಶ ಸಾಲದಾದಾಗ ಹರಳು ಕಟ್ಟುತ್ತದೆ. ಪಿತ್ತಕೋಶ ಸರಿಯಾಗಿ ಹಿಂಡದೆ ರಸ ನಿಂತರೆ ಹರಳು ಕಲ್ಲಾಗುತ್ತದೆ. ಯುಡಿಸಿಎ ಲಿವರ್‌ನಿಂದ ಪಿತ್ತರಸಕ್ಕೆ ಇಳಿಯುವ ಕೊಲೆಸ್ಟರಾಲನ್ನು ತಗ್ಗಿಸುತ್ತದೆ, ಕರುಳಿನಲ್ಲಿ ಅದು ಹೀರಿಕೆಯಾಗುವುದನ್ನೂ ಕಡಿಮೆ ಮಾಡುತ್ತದೆ. ಆಗ ತಿಳಿಯಾದ ರಸ ಕಲ್ಲಿನ ಮೈಯಿಂದ ಕೊಲೆಸ್ಟರಾಲನ್ನು ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಎರಡು ಷರತ್ತು: ಕಲ್ಲು ಕೊಲೆಸ್ಟರಾಲಿನದೇ ಆಗಿರಬೇಕು, ತಿಳಿಯಾದ ರಸ ಅದರ ಹತ್ತಿರಕ್ಕೆ ಹೋಗಲು ದಾರಿ ತೆರೆದಿರಬೇಕು.

ಮೊದಲ ಷರತ್ತಿನಲ್ಲೇ ನಮ್ಮ ಕಡೆಯ ಎಷ್ಟೋ ಜನ ಹೊರಗುಳಿಯುತ್ತಾರೆ. ಉತ್ತರ ಭಾರತದವರ ಪಿತ್ತಕೋಶದ ಕಲ್ಲುಗಳಲ್ಲಿ ಕೊಲೆಸ್ಟರಾಲ್ ಕಲ್ಲೇ ಹೆಚ್ಚು, ದಕ್ಷಿಣದವರಲ್ಲಿ ಬಿಲಿರುಬಿನ್‌ನಿಂದ (ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಹಳದಿ ವಸ್ತು) ಆದ ಕಪ್ಪು, ಕಂದು ಬಣ್ಣದ ಪಿಗ್ಮೆಂಟ್ ಕಲ್ಲು ಹಾಗೂ ಮಿಶ್ರ ಕಲ್ಲಿನ ಪಾಲು ದೊಡ್ಡದು ಎಂಬುದು ಶಸ್ತ್ರಚಿಕಿತ್ಸಕರು ಬಹುಕಾಲದಿಂದ ಬಲ್ಲ ಸಂಗತಿ. ಪಿಗ್ಮೆಂಟ್ ಕಲ್ಲು ಯುಡಿಸಿಎಗೆ ಜಗ್ಗುವುದಿಲ್ಲ, ಎಷ್ಟು ವರ್ಷ ನುಂಗಿದರೂ ಅಷ್ಟೇ. ಕೆಂಪು ರಕ್ತಕಣ ಬೇಗ ಒಡೆಯುವ ಕಾಯಿಲೆಗಳಲ್ಲಿ, ಅಂದರೆ ಸಿಕಲ್ ಸೆಲ್, ಥಲಸ್ಸೇಮಿಯಾ, ಸ್ಫೀರೋಸೈಟೋಸಿಸ್‌ಗಳಲ್ಲಿ ಆಗುವುದು ಕಪ್ಪು ಕಲ್ಲು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಇದೆ. ಅಲ್ಲಿನ ಹದಿಹರೆಯದ ಮಗುವಿಗೆ ಪಿತ್ತಕೋಶದ ಕಲ್ಲು ಕಂಡರೆ ಕರಗಿಸುವ ಮಾತ್ರೆಯ ಮಾತೇ ಬೇಡ. ಇನ್ನೂ ರಕ್ತಪರೀಕ್ಷೆ ಆಗಿರದಿದ್ದರೆ ಮೊದಲು ಅದು ಆಗಬೇಕು.

ಈಗ ವರದಿ. ‘ಮಲ್ಟಿಪಲ್ ಮೊಬೈಲ್ ಕ್ಯಾಲ್ಕ್ಯುಲೈ, ಲಾರ್ಜೆಸ್ಟ್ 7 ಎಂಎಂ, ವಾಲ್ ಥಿಕ್‌ನೆಸ್ 2.5 ಎಂಎಂ, ಸಿಬಿಡಿ 4 ಎಂಎಂ’ ಎಂದಿದೆ ಎನ್ನೋಣ. ‘ಕ್ಯಾಲ್ಕ್ಯುಲೈ’ ಎಂದರೆ ಕಲ್ಲುಗಳು. ‘ಮೊಬೈಲ್’ ಎಂದರೆ ಮಗ್ಗುಲು ಬದಲಿಸಿದಾಗ ಕಲ್ಲು ಸರಿಯುತ್ತಿದೆ, ಪಿತ್ತಕೋಶದ ಕತ್ತಿನಲ್ಲಿ ಸಿಕ್ಕಿಕೊಂಡಿಲ್ಲ. ‘ಇಂಪ್ಯಾಕ್ಟೆಡ್ ಅಟ್ ನೆಕ್’ ಎಂದಿದ್ದರೆ ಪಿತ್ತಕೋಶದ ಬಾಯಿಗೇ ಬಿರಡೆ ಬಿದ್ದಿದೆ, ಮಾತ್ರೆ ಒಳಗೆ ತಲುಪುವ ಮಾತೇ ಇಲ್ಲ. 7 ಮಿ.ಮೀ. ಕಲ್ಲು ಪ್ರಯತ್ನಿಸಬಹುದಾದದ್ದು. 5 ಮಿ.ಮೀ.ಗಿಂತ ಚಿಕ್ಕದಾದರೆ ಫಲ ಚೆನ್ನಾಗಿರುತ್ತದೆ, 15 ದಾಟಿತೆಂದರೆ ಆಸೆ ಬಿಡಬಹುದು. ಪಿತ್ತಕೋಶದ ಗೋಡೆ 3 ಮಿ.ಮೀ. ಒಳಗಿದ್ದರೆ ಸಾಮಾನ್ಯ. ಅದು ದಪ್ಪಗಾಗಿ, ಕೋಶ ಮುದುಡಿದೆ ಎಂದು ಬರೆದಿದ್ದರೆ ಹಳೆಯ ಉರಿಯೂತ, ಅಂಥ ಕೋಶ ಹಿಂಡುವುದೂ ಇಲ್ಲ, ತುಂಬುವುದೂ ಇಲ್ಲ. ಸಿಬಿಡಿ ಎಂದರೆ ಮುಖ್ಯ ಪಿತ್ತನಾಳ. 6 ಮಿ.ಮೀ.ವರೆಗೆ ಸಾಮಾನ್ಯ, ವಯಸ್ಸಾದವರಲ್ಲಿ, ಪಿತ್ತಕೋಶ ತೆಗೆಸಿಕೊಂಡವರಲ್ಲಿ ತುಸು ಹೆಚ್ಚಿರುತ್ತದೆ. ನಾಳ ಹಿಗ್ಗಿದ್ದು, ಜೊತೆಗೆ ರಕ್ತದಲ್ಲಿ ಡೈರೆಕ್ಟ್ ಬಿಲಿರುಬಿನ್, ಎಎಲ್‌ಪಿ, ಜಿಜಿಟಿ (ಲಿವರ್ ಪರೀಕ್ಷೆಯಲ್ಲಿ ಅಳೆಯುವ ಎರಡು ಕಿಣ್ವಗಳು) ಏರಿದ್ದರೆ ಕಲ್ಲು ನಾಳಕ್ಕೆ ಇಳಿದಿರುವ ಅನುಮಾನ. ಆಗ ಬೇಕಾದದ್ದು ಎಂಆರ್‌ಸಿಪಿ, ಅಂದರೆ ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್, ಕಲ್ಲು ಕಂಡರೆ ಇಆರ್‌ಸಿಪಿ, ಅಂದರೆ ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆಯುವುದು. ‘ಪಿತ್ತದ ಹರಿವು ಹೆಚ್ಚಿಸುವ’ ಯಾವ ಡಬ್ಬಿಯೂ ಅಲ್ಲಿ ಕೆಲಸಕ್ಕೆ ಬಾರದು. ಕಟ್ಟಿಕೊಂಡ ನಾಳದ ಹಿಂದೆ ಹರಿವು ಹೆಚ್ಚಿಸಿ ಆಗಬೇಕಾದ್ದೇನು?

ಅಲ್ಟ್ರಾಸೌಂಡ್ ಕಲ್ಲು ಇದೆಯೆಂದು ಹೇಳುತ್ತದೆ, ಯಾವ ಜಾತಿಯದು ಎಂದು ಹೇಳುವುದಿಲ್ಲ. ಅದಕ್ಕೆ ಹೊಟ್ಟೆಯ ಸಾದಾ ಎಕ್ಸ್‌ರೇ ಅಥವಾ ಸಿಟಿ ಬೇಕು. ಕಲ್ಲು ಬಿಳಿಯಾಗಿ ಕಂಡರೆ ಸುಣ್ಣ ಕೂತಿದೆ, ಅದು ಕರಗದು. ಈ ಒಂದು ಅಗ್ಗದ ಎಕ್ಸ್‌ರೇ ತೆಗೆಸದೆ ವರ್ಷಗಟ್ಟಲೆ ಮಾತ್ರೆ ನುಂಗಿಸುವುದು ನಮಗೆ ಒಪ್ಪಿಗೆಯಾಗದ ಪದ್ಧತಿ.

ಪ್ರಮಾಣದ ವಿಷಯದಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ಕಲ್ಲು ಕರಗಿಸಲು ಯುಡಿಸಿಎ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 8ರಿಂದ 10 ಮಿ.ಗ್ರಾಂ. 60 ಕಿಲೋ ತೂಕದವರಿಗೆ ಸುಮಾರು 600 ಮಿ.ಗ್ರಾಂ., ಅಂದರೆ 300ರ ಮಾತ್ರೆ ಎರಡು. 150ರ ಮಾತ್ರೆಯನ್ನು ದಿನಕ್ಕೆರಡು ‘ಲಿವರ್ ಟಾನಿಕ್’ ಎಂದು ಬರೆಸಿಕೊಂಡು ಬಂದವರಿಗೆ ಸಿಗುವುದು ಕಿಲೋಗೆ 5 ಮಿ.ಗ್ರಾಂ. ಮಾತ್ರ, ಅದರಿಂದ ಕಲ್ಲು ಮಿಸುಕುವುದಿಲ್ಲ. ಊಟದ ಜೊತೆ ನುಂಗಬೇಕು. ರಾತ್ರಿಯ ಪಾಲನ್ನು ಬಿಡಬಾರದು, ಏಕೆಂದರೆ ಪಿತ್ತರಸ ಅಲುಗಾಡದೆ ನಿಂತು ಕೊಲೆಸ್ಟರಾಲ್ ಹೆಚ್ಚು ಮಡುಗಟ್ಟುವುದು ರಾತ್ರಿಯ ಹೊತ್ತಿನಲ್ಲೇ. ಎದೆಯುರಿಗೆಂದು ಕುಡಿಯುವ ಗುಲಾಬಿ ಬಣ್ಣದ ಆಂಟಾಸಿಡ್‌ನಲ್ಲಿ ಅಲ್ಯುಮಿನಿಯಂ ಇದ್ದರೆ ಅದು ಯುಡಿಸಿಎಯನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ. ಗರ್ಭನಿರೋಧಕ ಗುಳಿಗೆಯಲ್ಲಿರುವ ಈಸ್ಟ್ರೋಜೆನ್ ಪಿತ್ತರಸಕ್ಕೆ ಕೊಲೆಸ್ಟರಾಲ್ ಸುರಿಯುತ್ತದೆ, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಯುಡಿಸಿಎಯನ್ನೂ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಹೇಳಲೇಬೇಕು. ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವ ಕಿಡ್ನಿ ಕಸಿ ರೋಗಿಗಳಲ್ಲಿ ಯುಡಿಸಿಎಯಿಂದ ಆ ಔಷಧದ ಮಟ್ಟ ಏರಬಹುದು.

ತಾಳ್ಮೆ ಬೇಕು. ಕಲ್ಲು ಸವೆಯುವುದು ತಿಂಗಳಿಗೆ ಹೆಚ್ಚೆಂದರೆ ಒಂದು ಮಿ.ಮೀ. ಆರು ತಿಂಗಳಿಂದ ಎರಡು ವರ್ಷ ಹಿಡಿಯುತ್ತದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಅದೂ ಆರೆಂಟು ಗಂಟೆ ಏನೂ ತಿನ್ನದೆ. ತಿಂದು ಹೋದರೆ ಪಿತ್ತಕೋಶ ಹಿಂಡಿಕೊಂಡಿರುತ್ತದೆ, ಕಲ್ಲು ಕಾಣದೆ ‘ಕರಗಿತು’ ಎಂಬ ಸುಳ್ಳು ಸಂತೋಷ. ಒಂದು ವರ್ಷದಲ್ಲಿ ಗಾತ್ರ ಏನೂ ಇಳಿಯದಿದ್ದರೆ ನಿಲ್ಲಿಸಬೇಕು, ಕೆಲವೊಮ್ಮೆ ಚಿಕಿತ್ಸೆಯ ನಡುವೆಯೇ ಕಲ್ಲಿನ ಮೇಲ್ಮೈಗೆ ಸುಣ್ಣದ ಸಿಪ್ಪೆ ಕೂತು ಕರಗುವುದು ನಿಂತುಹೋಗುತ್ತದೆ. ಪೂರ್ತಿ ಕರಗಿತೆಂದು ಕಂಡ ಮೇಲೂ ಮೂರು ತಿಂಗಳು ಮುಂದುವರಿಸುವುದು ರೂಢಿ, ಸ್ಕ್ಯಾನ್‌ಗೆ ಸಿಗದ ಚೂರುಗಳಿಗಾಗಿ. ಇಷ್ಟೆಲ್ಲ ಆದ ಮೇಲೂ ಐದು ವರ್ಷದೊಳಗೆ ಹತ್ತರಲ್ಲಿ ಮೂರರಿಂದ ಐದು ಮಂದಿಗೆ ಕಲ್ಲು ಮತ್ತೆ ಬರುತ್ತದೆ. ಕಲ್ಲು ಹುಟ್ಟಿಸಿದ ಪಿತ್ತಕೋಶ ಅಲ್ಲೇ ಇದೆಯಲ್ಲ. ಹೀಗಾಗಿ, ಪದೇ ಪದೇ ನೋವು ಬರುವವರಿಗೆ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳ ಆಪರೇಷನ್) ಮಾಡಿಸಿ ಪಿತ್ತಕೋಶ ತೆಗೆಸುವುದೇ ನೇರ ದಾರಿ. ಯುಡಿಸಿಎ ಹೊಂದುವುದು ಚಿಕ್ಕ, ತೇಲುವ, ಸುಣ್ಣವಿಲ್ಲದ ಕಲ್ಲು, ಅಪರೂಪಕ್ಕೆ ನೋವು, ಅರಿವಳಿಕೆ ಕೊಡಲು ಹೃದಯ ಅಥವಾ ಶ್ವಾಸಕೋಶದ ತೊಡಕು ಇರುವವರಿಗೆ. ಇನ್ನು ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡು, ನೋವೇ ಇಲ್ಲದವರು? ಅವರಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗಷ್ಟೇ ನೋವು ಶುರುವಾಗುತ್ತದೆ. ಬಹುಪಾಲು ಮಂದಿಗೆ ಮಾತ್ರೆಯೂ ಬೇಡ, ಆಪರೇಷನ್ನೂ ಬೇಡ. ಹೊಟ್ಟೆಯುಬ್ಬರ, ತೇಗಿಗೆ ಕಲ್ಲನ್ನು ಹೊಣೆ ಮಾಡಿ ಯುಡಿಸಿಎ ನುಂಗಿದರೆ ಕಲ್ಲೂ ಉಳಿಯುತ್ತದೆ, ತೇಗೂ ಉಳಿಯುತ್ತದೆ.

ಇನ್ನು ಆಕ್ಸ್ ಬೈಲ್. ಡಬ್ಬಿಯ ಹಿಂಬದಿ ತಿರುಗಿಸಿ ನೋಡಿ: ಒಂದು ಕ್ಯಾಪ್ಸೂಲಿಗೆ 100ರಿಂದ 500 ಮಿ.ಗ್ರಾಂ. ‘ಆಕ್ಸ್ ಬೈಲ್ ಎಕ್ಸ್‌ಟ್ರ್ಯಾಕ್ಟ್’, ಕೆಲವೊಮ್ಮೆ ಇಂತಿಷ್ಟು ಭಾಗ ಕೋಲಿಕ್ ಆಮ್ಲ ಎಂಬ ಸಾಲು, ಜೊತೆಗೆ ಬೀಟೈನ್, ಪ್ಯಾಂಕ್ರಿಯಾಟಿನ್, ಬೀಟ್‌ರೂಟ್ ಪುಡಿ. ಒಳಗಿರುವುದು ದನದ ಪಿತ್ತರಸ ಒಣಗಿಸಿದ್ದು, ಹೆಚ್ಚಾಗಿ ಕೋಲಿಕ್ ಮತ್ತು ಡಿಆಕ್ಸಿಕೋಲಿಕ್ ಆಮ್ಲದ ಲವಣಗಳು. ಕಲ್ಲು ಕರಗಿಸುವ ಯುಡಿಸಿಎ ಅದರಲ್ಲಿ ಲೆಕ್ಕಕ್ಕಿಲ್ಲ. ಡಿಆಕ್ಸಿಕೋಲಿಕ್ ಆಮ್ಲ ದೊಡ್ಡ ಕರುಳಿಗೆ ಹೆಚ್ಚು ತಲುಪಿದರೆ ನೀರನ್ನು ಹೊರಹಾಕಿಸುತ್ತದೆ. ನೀರುಭೇದಿ, ಗುದದ ಉರಿ ಬರುವುದು ಈ ಕಾರಣಕ್ಕೆ. ಸಸ್ಯಾಹಾರಿ ಮನೆಗಳವರಿಗೆ ಇನ್ನೊಂದು ಮಾತು. ಇಂಥ ಪೂರಕ ಆಹಾರದ ಡಬ್ಬಿಯ ಮೇಲೆ ಮಾಂಸಾಹಾರ ಎಂದು ಸೂಚಿಸುವ ಕಂದು ತ್ರಿಕೋನದ ಗುರುತು ಇರಬೇಕು, ನೋಡಿಕೊಳ್ಳಿ. ಯುಡಿಸಿಎ ಮೊದಲು ಸಿಕ್ಕಿದ್ದು ಕರಡಿಯ ಪಿತ್ತದಲ್ಲಿ. ಇಂದಿನ ಮಾತ್ರೆಯ ಕಚ್ಚಾವಸ್ತುವೂ ಹೆಚ್ಚಾಗಿ ದನದ ಪಿತ್ತದ ಕೋಲಿಕ್ ಆಮ್ಲವೇ, ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಮಾರ್ಪಡಿಸಿದ್ದು. ಇದನ್ನು ಮುಚ್ಚಿಡಬೇಕಿಲ್ಲ, ತಿಳಿದು ನಿರ್ಧರಿಸುವುದು ಅವರವರ ಹಕ್ಕು.

ಪಿತ್ತಕೋಶ ತೆಗೆಸಿಕೊಂಡವರು ಜೀವನಪೂರ್ತಿ ಆಕ್ಸ್ ಬೈಲ್ ತಿನ್ನಬೇಕು ಎಂಬ ಮಾತು ರೀಲ್‌ಗಳಲ್ಲಿ ಹರಿದಾಡುತ್ತಿದೆ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ಸುಳ್ಳು ಇದು. ತೆಗೆದದ್ದು ರಸದ ತೊಟ್ಟಿಯನ್ನು, ಬುಗ್ಗೆಯನ್ನಲ್ಲ. ಲಿವರ್ ಅಷ್ಟೇ ಪಿತ್ತರಸ ತಯಾರಿಸುತ್ತದೆ, ಅದು ಹನಿಹನಿಯಾಗಿ ನೇರ ಕರುಳಿಗೆ ಇಳಿಯುತ್ತಿರುತ್ತದೆ. ಮೊದಲ ಕೆಲವು ವಾರ ಒಮ್ಮೆಗೇ ಜಾಸ್ತಿ ಕರಿದದ್ದು ತಿಂದರೆ ಅಜೀರ್ಣವಾಗಬಹುದು. ಊಟವನ್ನು ಸಣ್ಣ ಸಣ್ಣ ಪಾಲು ಮಾಡಿ ತಿಂದರೆ ಸರಿಹೋಗುತ್ತದೆ. ಹತ್ತರಲ್ಲಿ ಒಬ್ಬರಿಗೆ ಆಸುಪಾಸು ತಿಂದ ಕೂಡಲೇ ಶೌಚಕ್ಕೆ ಓಡುವ, ಹಳದಿ ನೀರಿನಂತೆ ಹೋಗುವ ಭೇದಿ ಉಳಿದುಕೊಳ್ಳುತ್ತದೆ. ಕಾರಣ ಪಿತ್ತಾಮ್ಲದ ಕೊರತೆಯಲ್ಲ, ದೊಡ್ಡ ಕರುಳಿಗೆ ಅದು ಹೆಚ್ಚಾಗಿ ಸುರಿಯುವುದು. ಅಂಥವರಿಗೆ ಆಕ್ಸ್ ಬೈಲ್ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ. ಅವರಿಗೆ ಬೇಕಾದದ್ದು ಇದರ ವಿರುದ್ಧದ ಮದ್ದು: ಪಿತ್ತಾಮ್ಲವನ್ನು ಹಿಡಿದಿಟ್ಟು ಮಲದಲ್ಲಿ ಸಾಗಿಸುವ ಕೊಲೆಸ್ಟೈರಮೀನ್ ಪುಡಿ. 4 ಗ್ರಾಂನ ಪೊಟ್ಟಣದಲ್ಲಿ ಸಿಗುತ್ತದೆ, ವೈದ್ಯರು ಸಾಮಾನ್ಯವಾಗಿ ಕಡಿಮೆಯಿಂದ ಶುರುಮಾಡುತ್ತಾರೆ. ಈ ಪುಡಿ ಸಿಕ್ಕಿದ್ದನ್ನೆಲ್ಲ ಹಿಡಿದಿಡುತ್ತದೆ, ಥೈರಾಯ್ಡ್ ಮಾತ್ರೆಯನ್ನೂ ಬಿಡುವುದಿಲ್ಲ. ಬೇರೆ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು ಇಲ್ಲವೇ ನಾಲ್ಕರಿಂದ ಆರು ಗಂಟೆ ನಂತರ ನುಂಗಬೇಕು. ಬಹುಕಾಲ ತೆಗೆದುಕೊಂಡರೆ ಎ, ಡಿ, ಇ, ಕೆ ವಿಟಮಿನ್‌ಗಳ ಮೇಲೆ ಕಣ್ಣಿರಲಿ.

ಪಿತ್ತಾಮ್ಲದ ನಿಜವಾದ ಕೊರತೆ ಇಲ್ಲವೇ ಇಲ್ಲ ಎಂದಲ್ಲ. ಸಣ್ಣ ಕರುಳಿನ ಕೊನೆಯ ಭಾಗದ ಉದ್ದನೆಯ ತುಂಡನ್ನೇ ಕತ್ತರಿಸಿ ತೆಗೆದವರಲ್ಲಿ, ಹುಟ್ಟಿನಿಂದಲೇ ಪಿತ್ತಾಮ್ಲ ತಯಾರಿಸಲಾಗದ ಅಪರೂಪದ ಮಕ್ಕಳಲ್ಲಿ ಅದು ಇದೆ. ಆ ಮಕ್ಕಳಿಗಾಗಿ ಕೋಲಿಕ್ ಆಮ್ಲಕ್ಕೆ ಅಮೆರಿಕದ ಔಷಧ ಇಲಾಖೆ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಎರಡೂ ಪರಿಣತರ ಕೈಯಲ್ಲಿ ನಡೆಯಬೇಕಾದ ಚಿಕಿತ್ಸೆ. ಮಲ ಜಿಡ್ಡಾಗಿ, ತೇಲುತ್ತ, ತೊಳೆದರೂ ಹೋಗದಂತೆ ಅಂಟುತ್ತಿದ್ದರೆ ಕಾರಣ ಮೇದೋಜೀರಕ ಗ್ರಂಥಿಯ ಕಾಯಿಲೆಯೂ ಇರಬಹುದು. ಅದನ್ನು ಪರೀಕ್ಷಿಸದೆ ಡಬ್ಬಿ ಕೊಂಡರೆ ರೋಗ ಪತ್ತೆಯಾಗುವುದು ತಡವಾಗುತ್ತದೆ.

ಟಡ್ಕಾ ಎಂದರೆ ಯುಡಿಸಿಎಗೆ ಟೌರಿನ್ ಎಂಬ ಅಮೈನೋ ಆಮ್ಲ ಜೋಡಿಸಿದ್ದು. ಇದರ ದೊಡ್ಡ ಗಿರಾಕಿಗಳು ಜಿಮ್‌ನ ಹುಡುಗರು. ನುಂಗುವ ಸ್ಟೆರಾಯ್ಡ್ ಗುಳಿಗೆಗಳು ಲಿವರ್‌ನೊಳಗೇ ಪಿತ್ತವನ್ನು ಕಟ್ಟಿಹಾಕಿ ಕಾಮಾಲೆ ತರಿಸುತ್ತವೆ, ಟಡ್ಕಾ ಅದಕ್ಕೆ ರಕ್ಷಾಕವಚ ಎಂಬ ನಂಬಿಕೆ. ಕಣ್ಣು ಹಳದಿಯಾಗಿ ಮೈ ತುರಿಸತೊಡಗಿದರೆ ಮಾಡಬೇಕಾದ ಮೊದಲ ಕೆಲಸ ಸ್ಟೆರಾಯ್ಡ್ ನಿಲ್ಲಿಸುವುದು. ಟಡ್ಕಾ ನುಂಗುತ್ತ ಅದನ್ನೇ ಮುಂದುವರಿಸುವುದಲ್ಲ.

ಹಾಗೆಂದು ಈ ಪತ್ರ ಓದಿ ಯುಡಿಸಿಎಯನ್ನು ಯಾರೂ ತಾವಾಗಿ ನಿಲ್ಲಿಸಬಾರದು. ಪ್ರೈಮರಿ ಬಿಲಿಯರಿ ಕೋಲಾಂಜೈಟಿಸ್ ಎಂಬ ಕಾಯಿಲೆಯಲ್ಲಿ, ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ, ಲಿವರ್‌ನೊಳಗಿನ ಸಣ್ಣ ಪಿತ್ತನಾಳಗಳು ನಿಧಾನಕ್ಕೆ ನಾಶವಾಗುತ್ತವೆ. ವಿನಾಕಾರಣ ಸುಸ್ತು, ತುರಿಕೆ, ಎಎಲ್‌ಪಿ ಏರಿಕೆ, ರಕ್ತದಲ್ಲಿ ಎಎಂಎ ಎಂಬ ಪ್ರತಿಕಾಯ ಪಾಸಿಟಿವ್, ಇವು ಅದರ ಲಕ್ಷಣ. ಅದಕ್ಕೆ ಯುಡಿಸಿಎಯೇ ಮೊದಲ ಮದ್ದು, ಕಿಲೋಗೆ 13ರಿಂದ 15 ಮಿ.ಗ್ರಾಂ., ಜೀವನಪರ್ಯಂತ. 60 ಕಿಲೋದವರಿಗೆ ದಿನಕ್ಕೆ 300ರ ಮೂರು ಮಾತ್ರೆ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎನ್ನುವಂತೆಯೂ ಇಲ್ಲ: ಸ್ಕ್ಲೀರೋಸಿಂಗ್ ಕೋಲಾಂಜೈಟಿಸ್ ಎಂಬ ಇನ್ನೊಂದು ನಾಳದ ಕಾಯಿಲೆಯಲ್ಲಿ ಕಿಲೋಗೆ 28ರಿಂದ 30 ಮಿ.ಗ್ರಾಂ. ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಕೆಡುಕೇ ಹೆಚ್ಚಾಯಿತೆಂದು 2009ರಲ್ಲಿ ವರದಿಯಾಯಿತು. ಫ್ಯಾಟಿ ಲಿವರ್‌ಗೆ ಯುಡಿಸಿಎ ಬರೆಯುವ ಅಭ್ಯಾಸಕ್ಕೂ ಆಧಾರ ತೆಳು, ಅಲ್ಲಿ ತೂಕ ಇಳಿಸುವುದೇ ಮದ್ದು. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ, ಅಂಗಾಲು ವಿಪರೀತ ತುರಿಸಿದರೆ ರಕ್ತದಲ್ಲಿನ ಪಿತ್ತಾಮ್ಲದ ಮಟ್ಟ ಪರೀಕ್ಷಿಸಬೇಕು. 100 ಮೈಕ್ರೋಮೋಲ್ ದಾಟಿದರೆ ಹೊಟ್ಟೆಯಲ್ಲಿನ ಮಗುವಿಗೆ ಅಪಾಯ. ಯುಡಿಸಿಎ ಕೊಟ್ಟಿದ್ದೇವೆ ಎಂದು ಸಮಾಧಾನ ಪಡುವಂತಿಲ್ಲ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ ಮಗುವಿಗೆ ಅದರಿಂದ ಹೇಳಿಕೊಳ್ಳುವ ರಕ್ಷಣೆ ಸಿಗಲಿಲ್ಲ. ಹೆರಿಗೆ ಯಾವಾಗ ಮಾಡಿಸಬೇಕೆಂಬುದೇ ಅಲ್ಲಿ ಮುಖ್ಯ ನಿರ್ಧಾರ.

ಮುಂಚಿತವಾಗಿ ಕೊಟ್ಟು ಕಲ್ಲು ತಡೆಯಬಹುದಾದ ಒಂದು ಸಂದರ್ಭ ಇದೆ, ಅದು ಅಷ್ಟಾಗಿ ಜನಕ್ಕೆ ಗೊತ್ತಿಲ್ಲ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿದರೆ ಮೈಕೊಬ್ಬಿನ ಕೊಲೆಸ್ಟರಾಲ್ ಪಿತ್ತರಸಕ್ಕೆ ನುಗ್ಗುತ್ತದೆ, ಉಣ್ಣದ ಕಾರಣ ಪಿತ್ತಕೋಶ ಹಿಂಡುವುದೂ ಇಲ್ಲ. ಬೊಜ್ಜಿನ ಶಸ್ತ್ರಚಿಕಿತ್ಸೆ ಆದವರಿಗೆ ಆರು ತಿಂಗಳು ದಿನಕ್ಕೆ 600 ಮಿ.ಗ್ರಾಂ. ಯುಡಿಸಿಎ ಕೊಟ್ಟರೆ ಹೊಸ ಕಲ್ಲು ಗಣನೀಯವಾಗಿ ಕಡಿಮೆಯಾಗುತ್ತದೆ. ಸ್ವಂತವಾಗಿ ಡಯಟ್ ಮಾಡುವವರು ಜಿಡ್ಡನ್ನು ಸೊನ್ನೆಗಿಳಿಸಬಾರದು. ಒಂದು ಹೊತ್ತಿನ ಊಟದಲ್ಲಾದರೂ ಹತ್ತು ಗ್ರಾಂ, ಅಂದರೆ ಎರಡು ಟೀ ಚಮಚ ತುಪ್ಪವೋ ಎಣ್ಣೆಯೋ ಇದ್ದರೆ ಪಿತ್ತಕೋಶ ದಿನಕ್ಕೊಮ್ಮೆ ಹಿಂಡಿ ಖಾಲಿಯಾಗುತ್ತದೆ.

ಆಲಿವ್ ಎಣ್ಣೆ, ನಿಂಬೆರಸ, ಎಪ್ಸಮ್ ಉಪ್ಪು ಕುಡಿದು ಬೆಳಗ್ಗೆ ಹಸಿರು ಉಂಡೆಗಳನ್ನು ತೋರಿಸುವ ‘ಲಿವರ್ ಫ್ಲಶ್’ ಬಗ್ಗೆ ಎರಡೇ ಮಾತು. ಆ ಉಂಡೆ ಕಲ್ಲಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಾದದ್ದು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ ಅದರಲ್ಲಿ ಕೊಲೆಸ್ಟರಾಲ್, ಬಿಲಿರುಬಿನ್, ಕ್ಯಾಲ್ಸಿಯಂ ಯಾವುದೂ ಇರಲಿಲ್ಲ. ನಿಜವಾಗಿ ಕಲ್ಲಿರುವವರು ಬಟ್ಟಲುಗಟ್ಟಲೆ ಎಣ್ಣೆ ಕುಡಿದರೆ ಪಿತ್ತಕೋಶ ಜೋರಾಗಿ ಹಿಂಡಿ ಸಣ್ಣ ಕಲ್ಲು ನಾಳಕ್ಕೆ ಜಾರಿ ಸಿಕ್ಕಿಕೊಳ್ಳಬಹುದು, ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಬರಬಹುದು.

ಬಲಪಕ್ಕೆಯ ಕೆಳಗೆ ಅಥವಾ ಎದೆಗುಂಡಿಗೆಯ ಕೆಳಗೆ ಎದ್ದ ನೋವು ನಾಲ್ಕೈದು ಗಂಟೆಯಾದರೂ ಇಳಿಯದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಕಾಫಿ ಬಣ್ಣಕ್ಕೆ, ಮಲ ಬೂದಿ ಬಣ್ಣಕ್ಕೆ ತಿರುಗಿದರೆ, ನೋವು ಬೆನ್ನಿಗೆ ತೂರಿ ವಾಂತಿ ನಿಲ್ಲದಿದ್ದರೆ, ಆ ರಾತ್ರಿಯೇ ಆಸ್ಪತ್ರೆ ಸೇರಬೇಕು. ಬೆಳಗಾಗಲಿ ಎಂದು ಕಾಯಬಾರದು, ಕಾಮಾಲೆಗೆ ನಾಟಿ ಔಷಧಿ ಹಾಕಿಸಲು ಊರೂರು ಅಲೆಯಲೂ ಬಾರದು.

ಕೊನೆಯದಾಗಿ ಪತ್ರಿಕೆಗೆ ಒಂದು ಕೋರಿಕೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು, ಮೂತ್ರಕೋಶದ ಕಲ್ಲು ಮೂರೂ ಹೆಸರಿಸಿ ಇವೆ. ಅವನ್ನು ಗುಣಪಡಿಸುವುದಾಗಿ ಜನರಿಗೆ ಜಾಹೀರಾತು ನೀಡುವುದು ಅಪರಾಧ, ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಪಾಲ್ಗೊಳ್ಳುವವರಿಗೂ ಕಾಯ್ದೆ ಅನ್ವಯಿಸುತ್ತದೆ. ಆದರೂ ಕನ್ನಡ ಪತ್ರಿಕೆಗಳ ವರ್ಗೀಕೃತ ಅಂಕಣಗಳಲ್ಲಿ ‘ಆಪರೇಷನ್ ಇಲ್ಲದೆ ಕಲ್ಲು ಮಾಯ’ ಎಂಬಂಥ ಸಾಲುಗಳು ಕಾಣುತ್ತಲೇ ಇರುತ್ತವೆ. ಪೂರಕ ಆಹಾರವೆಂದು ಮಾರುವ ಡಬ್ಬಿಗೂ ರೋಗ ವಾಸಿ ಮಾಡುತ್ತೇನೆಂದು ಹೇಳಿಕೊಳ್ಳುವ ಅವಕಾಶವಿಲ್ಲ. ಜಾಹೀರಾತು ವಿಭಾಗದ ಮೇಜಿನ ಮೇಲೆ ಆ ಅನುಸೂಚಿಯ ಒಂದು ಪ್ರತಿ ಇರಲಿ. ಆರೋಗ್ಯ ಪುಟದಲ್ಲಿ ಪಿತ್ತಕೋಶದ ಬಗ್ಗೆ ಬರೆಸುವಾಗ ಯುಡಿಸಿಎ, ಟಡ್ಕಾ, ಆಕ್ಸ್ ಬೈಲ್ ಮೂರನ್ನೂ ‘ಪಿತ್ತಾಮ್ಲ’ ಎಂಬ ಒಂದೇ ಸಾಲಿನಲ್ಲಿ ಕಟ್ಟಿಹಾಕದೆ ಬೇರೆ ಬೇರೆಯಾಗಿ ಬರೆಸಿ.

ಇತಿ,
ಔಷಧಶಾಸ್ತ್ರ ಬೋಧಕರಿಬ್ಬರು
ಹುಬ್ಬಳ್ಳಿ